150 ಮಕ್ಕಳಲ್ಲಿ 5: ಶಿಬಿರದಿಂದ ಶ್ರವಣ ಸಾಧನದವರೆಗಿನ ದಾರಿ, ಮಲಾವಿಯ ಒಂದು ಪ್ರಕರಣ

ಮಲಾವಿ ದೇಶದ ದಕ್ಷಿಣ ಭಾಗದಲ್ಲಿ ಥ್ಯೋಲೊ ಎಂಬ ಜಿಲ್ಲೆಯಿದೆ. ಚಹಾ ತೋಟಗಳ ಜಿಲ್ಲೆ. ಹತ್ತಿರದ ದೊಡ್ಡ ನಗರ ಬ್ಲಾಂಟೈರ್, ಜಿಲ್ಲಾ ಕೇಂದ್ರದಿಂದ ಸುಮಾರು 40 ಕಿ.ಮೀ. ಈ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಕಿವಿ ತಪಾಸಣೆಗೆ ಶಿಬಿರಗಳು ನಡೆದವು. ತೊಂದರೆ ಕಂಡುಬಂದ ಮಕ್ಕಳನ್ನು ಮುಂದಿನ ಪರೀಕ್ಷೆಗಾಗಿ ಬ್ಲಾಂಟೈರ್‌ನ ಕ್ವೀನ್ ಎಲಿಜಬೆತ್ ಸೆಂಟ್ರಲ್ ಆಸ್ಪತ್ರೆಗೆ ಹೋಗಲು ಹೇಳಿದರು. ಸ್ವಲ್ಪ ಕಾಲದ ಮೇಲೆ ಸಂಶೋಧಕರು ಆ ಮಕ್ಕಳ ಮನೆಯವರನ್ನು ವಿಚಾರಿಸಿದರು. 150 ಮಕ್ಕಳಲ್ಲಿ ಆಸ್ಪತ್ರೆಗೆ ಹೋಗಿದ್ದವರು 5 ಮಂದಿ. ಅಂದರೆ ನೂರಕ್ಕೆ ಮೂವರು.

ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ಟೆಸ್ ಬ್ರೈಟ್, ಮಲಾವಿಯ ಇಎನ್‌ಟಿ ಸರ್ಜನ್ ವಕಿಸಾ ಮುಲ್ವಾಫು ಮತ್ತು ಅವರ ಜೊತೆಗಾರರು ಮಾಡಿದ ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬಡ ದೇಶಗಳ ಮಕ್ಕಳಿಗೆ ಕಿವಿ ಮಿಷನ್ (ಶ್ರವಣ ಸಾಧನ) ಕೊಡುವ ಕೆಲಸದ ಬಗ್ಗೆ ಯಾರು ಮಾತಾಡಿದರೂ ನನಗೆ ಮೊದಲು ನೆನಪಾಗುವುದು ಈ ಸಂಖ್ಯೆ. ಒಂದು ಮಾತು ಮೊದಲೇ ಹೇಳಬೇಕು. ಆ 150 ಮಕ್ಕಳಿಗೂ ಮಿಷನ್ ಬೇಕಿತ್ತು ಎಂದಲ್ಲ. ಕೆಲವರಿಗೆ ಕಿವಿ ಸೋರುತ್ತಿತ್ತು, ಕೆಲವರಿಗೆ ಔಷಧಿ ಸಾಕಾಗುತ್ತಿತ್ತು. ಆದರೆ ಮಿಷನ್ ಬೇಕಾಗಿದ್ದ ಮಗುವೂ ಇದೇ ದಾರಿಯಲ್ಲೇ ಬರಬೇಕು. ದಾರಿಯೇ ಮುಚ್ಚಿದ್ದರೆ, ದಾರಿಯ ಕೊನೆಯಲ್ಲಿ ಎಷ್ಟು ಮಿಷನ್ ಇಟ್ಟುಕೊಂಡು ಕೂತರೂ ಏನು ಉಪಯೋಗ?

ಹಿನ್ನೆಲೆಯಲ್ಲಿ ಇರುವ ದೊಡ್ಡ ಲೆಕ್ಕ ಇದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿಯ ಪ್ರಕಾರ, ಶ್ರವಣ ದೋಷಕ್ಕೆ ಏನಾದರೊಂದು ನೆರವು ಬೇಕಿರುವವರು ಜಗತ್ತಿನಲ್ಲಿ 43 ಕೋಟಿ. ಅವರಲ್ಲಿ 3.4 ಕೋಟಿ ಮಕ್ಕಳು. ಸುಮಾರು 80% ಜನ ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಮಿಷನ್‌ನಿಂದ ಅನುಕೂಲ ಆಗುವವರಲ್ಲಿ ಅದನ್ನು ನಿಜವಾಗಿ ಬಳಸುತ್ತಿರುವವರು ಬರೀ 17%. ಇಂಥ ಅಂಕಿ ನೋಡಿದ ತಕ್ಷಣ, ಮಿಷನ್ ದುಬಾರಿ, ಬೆಲೆ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅನಿಸುವುದು ಸಹಜ. ಬೆಲೆ ಇಳಿಯಬೇಕು, ನಿಜ. ಆದರೆ ಥ್ಯೋಲೊದ ಮಕ್ಕಳು ಮಿಷನ್‌ನ ಬೆಲೆ ಕೇಳುವ ಹಂತಕ್ಕೇ ಬರಲಿಲ್ಲ. ಮಲಾವಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ದುಡ್ಡು ಕೊಡಬೇಕಾಗಿಲ್ಲ. ಉಚಿತ ಇದ್ದರೂ ಬರಲಿಲ್ಲ.

ಯಾಕೆ ಬರಲಿಲ್ಲ?

ಆಸ್ಪತ್ರೆಗೆ ಹೋಗದ 23 ಮಕ್ಕಳ ಪೋಷಕರ ಜೊತೆ ಸಂಶೋಧಕರು ಕೂತು ಮಾತಾಡಿದರು. ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಆಸ್ಪತ್ರೆ ದೂರ. ಹೋಗಲು ವಾಹನವಿಲ್ಲ. ಚಿಕಿತ್ಸೆ ಉಚಿತವಾದರೂ ಉಳಿದ ಖರ್ಚು ಇದ್ದೇ ಇದೆ. ದೊಡ್ಡ ಆಸ್ಪತ್ರೆ ಎಂದರೆ ಭಯ, ಅಲ್ಲಿ ಏನಾಗುತ್ತದೋ ಎಂಬ ಅನುಮಾನ. ಶಿಬಿರದಲ್ಲೇ ಆದ ಗೊಂದಲಗಳು. ಕಿವುಡುತನದ ಬಗ್ಗೆ ತಿಳಿವಳಿಕೆ ಕಡಿಮೆ. ಇಂಥದ್ದಕ್ಕೆ ಚಿಕಿತ್ಸೆ ಸಿಗುತ್ತದೆ ಎಂಬುದೇ ಕಣ್ಣಿಗೆ ಬೀಳದ ಸ್ಥಿತಿ.

ದೂರವನ್ನು ಕಿಲೋಮೀಟರ್‌ನಲ್ಲಿ ಅಳೆದರೆ ಅರ್ಥವಾಗುವುದಿಲ್ಲ. ನಲವತ್ತು ಕಿಲೋಮೀಟರ್ ಎನ್ನುವುದು ಜಿಲ್ಲಾ ಕೇಂದ್ರದಿಂದ. ಹಳ್ಳಿಯಿಂದ ಡಾಂಬರು ರಸ್ತೆಗೆ ಬರುವುದೇ ಒಂದು ಪ್ರಯಾಣ. ನಡೆಯಬೇಕು, ಇಲ್ಲವೇ ಬಾಡಿಗೆ ಸೈಕಲ್ ಹಿಡಿಯಬೇಕು. ಅಲ್ಲಿಂದ ಮಿನಿಬಸ್. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಮಣ್ಣಿನ ದಾರಿ ಕೆಸರಾಗುತ್ತದೆ. ಹೊಲದ ಕೆಲಸ ಜಾಸ್ತಿ ಇರುವುದೂ ಅದೇ ತಿಂಗಳುಗಳಲ್ಲಿ. ಮನೆಯಲ್ಲಿ ಹಳೆಯ ಧಾನ್ಯ ಮುಗಿದು ಹೊಸ ಬೆಳೆ ಇನ್ನೂ ಬಾರದ ಕಾಲವೂ ಅದೇ. ಆಗ ಒಬ್ಬ ತಾಯಿ ಒಂದು ಮಗುವನ್ನು ಕರೆದುಕೊಂಡು ನಗರಕ್ಕೆ ಹೊರಟರೆ, ಉಳಿದ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು. ದಿನದ ಕೂಲಿ ಹೋಗುತ್ತದೆ. ದಾರಿಯಲ್ಲಿ ಊಟ ಆಗಬೇಕು. ಅದೇ ದಿನ ವಾಪಸ್ ಬರಲಾಗದಿದ್ದರೆ ರಾತ್ರಿ ಉಳಿಯಲು ಜಾಗ ಬೇಕು. ಇಷ್ಟೆಲ್ಲ ಮಾಡಿ ಹೋದರೆ, ನಾಳೆ ಬನ್ನಿ ಎಂದು ಹೇಳಿದರೆ? ಆ ಸಾಧ್ಯತೆಯೂ ತಾಯಿಯ ಲೆಕ್ಕದಲ್ಲಿ ಇರುತ್ತದೆ. ಅದು ಸರಿಯಾದ ಲೆಕ್ಕವೇ.

ಭಯದ ವಿಷಯ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಕ್ವೀನ್ ಎಲಿಜಬೆತ್ ದಕ್ಷಿಣ ಮಲಾವಿಯ ಅತಿ ದೊಡ್ಡ ಆಸ್ಪತ್ರೆ. ಹಳ್ಳಿಯವರು ಅಲ್ಲಿಗೆ ಹೋಗುವುದು ಸಾಮಾನ್ಯವಾಗಿ ರೋಗ ಕೈಮೀರಿದಾಗ. ಆಡಿಕೊಂಡು ಓಡಾಡಿಕೊಂಡಿರುವ ಮಗುವನ್ನು ಅಂಥ ಜಾಗಕ್ಕೆ ಯಾಕೆ ಕರೆದೊಯ್ಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಿವಿ ಕೇಳದ ಮಗುವಿಗೆ ಜ್ವರವಿಲ್ಲ, ನೋವಿಲ್ಲ, ರಕ್ತವಿಲ್ಲ. ಕರೆದರೆ ಒಮ್ಮೊಮ್ಮೆ ತಿರುಗುತ್ತದೆ, ಒಮ್ಮೊಮ್ಮೆ ಇಲ್ಲ. ಹಟಮಾರಿ ಅಂದುಕೊಳ್ಳುತ್ತಾರೆ. ಮಾತು ತಡವಾದರೆ, ಬರುತ್ತದೆ ಬಿಡಿ ಎನ್ನುತ್ತಾರೆ. ಈ ರೋಗ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಚಿಕಿತ್ಸೆಯ ಅಗತ್ಯವೂ ಕಾಣುವುದಿಲ್ಲ. ಇಲ್ಲಿ ಪೋಷಕರನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಏನು ತೊಂದರೆ, ಅಲ್ಲಿ ಏನು ಮಾಡುತ್ತಾರೆ, ಎಷ್ಟು ಸಲ ಹೋಗಬೇಕು, ಕೊನೆಗೆ ಮಗುವಿಗೆ ಏನು ಸಿಗುತ್ತದೆ ಎಂದು ಕೂತು ಹೇಳಿದವರು ಯಾರೂ ಇಲ್ಲದಿದ್ದರೆ ಅವರು ಹೇಗೆ ತಾನೇ ಹೊರಡಬೇಕು?

ಇನ್ನು ಶಿಬಿರದ ಗೊಂದಲ. ಇದನ್ನು ಸರಿಮಾಡುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಗ್ಗ. ಶಿಬಿರದಲ್ಲಿ ಜನ ತುಂಬಿರುತ್ತಾರೆ. ಸಿಬ್ಬಂದಿ ಅವಸರದಲ್ಲಿರುತ್ತಾರೆ. ಅಂಥ ಕಡೆ ಯಾವತ್ತು, ಯಾವ ವಿಭಾಗಕ್ಕೆ, ಯಾರನ್ನು ಕೇಳಿಕೊಂಡು ಹೋಗಬೇಕು ಎಂಬುದು ಪೋಷಕರಿಗೆ ಸ್ಪಷ್ಟವಾಗದೆ ಉಳಿದರೆ ಅಲ್ಲಿಗೆ ಎಲ್ಲ ನಿಂತಂತೆ.

ಕಿವಿ ಮಿಷನ್ ಕನ್ನಡಕದಂತಲ್ಲ

ಈ ಪ್ರಕರಣ ಆಸ್ಪತ್ರೆಯ ಬಾಗಿಲಿಗೆ ಮುಗಿಯುವುದಿಲ್ಲ. ಆ ಐದು ಮಕ್ಕಳಲ್ಲಿ ಒಬ್ಬರಿಗೆ ಮಿಷನ್ ಬೇಕು ಎಂದು ಇಟ್ಟುಕೊಳ್ಳೋಣ. ಮುಂದೆ ಏನೇನು ಆಗಬೇಕು ಎಂದು ನೋಡಿದರೆ, ಒಂದು ಸಲ ಬರುವುದೇ ಇಷ್ಟು ಕಷ್ಟವಾದವರಿಗೆ ನಾವು ಎಷ್ಟು ಸಲ ಬರಲು ಹೇಳುತ್ತಿದ್ದೇವೆ ಎಂಬುದು ಗೊತ್ತಾಗುತ್ತದೆ.

ಕನ್ನಡಕವಾದರೆ ಹಾಕಿಕೊಂಡ ಕ್ಷಣವೇ ಕಾಣುತ್ತದೆ. ಮಿಷನ್ ಹಾಗಲ್ಲ. ಮೊದಲು ಕಿವಿಯೊಳಗೆ ನೋಡಬೇಕು. ಗುಗ್ಗೆ ತುಂಬಿದ್ದರೆ ತೆಗೆಯಬೇಕು. ಕೀವು ಸೋರುತ್ತಿದ್ದರೆ ಮೊದಲು ಅದು ಒಣಗಬೇಕು. ಸೋರುವ ಕಿವಿಗೆ ಮೋಲ್ಡ್ (ಮಿಷನ್‌ನ ಕಿವಿಯೊಳಗೆ ಕೂರುವ ಭಾಗ) ತುರುಕಿದರೆ ಸೋಂಕು ಹೆಚ್ಚುತ್ತದೆ. ಬಡ ದೇಶಗಳ ಮಕ್ಕಳಲ್ಲಿ ಇದು ಚಿಕ್ಕ ವಿಷಯವೇ ಅಲ್ಲ. ಅಲ್ಲಿ ಶ್ರವಣ ದೋಷಕ್ಕೆ ಕಿವಿ ಸೋರುವಿಕೆಯೇ ಒಂದು ದೊಡ್ಡ ಕಾರಣ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ದಡಾರ, ಗರ್ಭದಲ್ಲಿದ್ದಾಗ ತಾಯಿಗೆ ಬಂದ ರುಬೆಲ್ಲಾ, ಹುಟ್ಟುವಾಗ ಉಸಿರು ಕಟ್ಟಿದ್ದು, ಕಿವಿಗೆ ಹಾನಿ ಮಾಡುವ ಜೆಂಟಾಮೈಸಿನ್‌ನಂಥ ಔಷಧಿಗಳು ಇನ್ನುಳಿದ ಕಾರಣಗಳು. ಮಕ್ಕಳಲ್ಲಿ ಬರುವ ಶ್ರವಣ ದೋಷದ ಸುಮಾರು 60% ತಡೆಯಬಹುದಾದದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಸಿಕೆ ಹಾಕುವವರೂ ಹೆರಿಗೆ ಮಾಡಿಸುವವರೂ ಕಿವಿ ಉಳಿಸುವ ಕೆಲಸವನ್ನೇ ಮಾಡುತ್ತಿದ್ದಾರೆ. ಅದು ಬೇರೆ ಲೇಖನಕ್ಕೆ ಆಗುವ ವಿಷಯ.

ಆಮೇಲೆ ಪರೀಕ್ಷೆ. ಎಷ್ಟು ಡೆಸಿಬೆಲ್, ಯಾವ ಸ್ವರಮಟ್ಟದಲ್ಲಿ ಎಷ್ಟು ಕೇಳುತ್ತದೆ ಎಂದು ಅಳೆಯಬೇಕು. ದೊಡ್ಡ ಮಕ್ಕಳು ಕೈ ಎತ್ತಿ ಹೇಳುತ್ತಾರೆ. ಚಿಕ್ಕವರಿಗೆ ಆಟದ ಮೂಲಕ ಮಾಡಬೇಕು, ಸದ್ದು ಕೇಳಿದಾಗಲೆಲ್ಲ ಒಂದು ಮಣಿ ಡಬ್ಬಿಗೆ ಹಾಕು ಎಂದು. ಇದಕ್ಕೆ ನಿಶ್ಶಬ್ದ ಕೋಣೆಯೂ ತಾಳ್ಮೆಯಿರುವ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಕೂಡ ಬೇಕು. ಮಲಾವಿಯಲ್ಲಿ ಇಂಥವರು ಬಹಳ ಕಡಿಮೆ. ರಾಜಧಾನಿ ಲಿಲಾಂಗ್ವೆಯಲ್ಲಿ ಆಫ್ರಿಕನ್ ಬೈಬಲ್ ಕಾಲೇಜಿನ ಶ್ರವಣ ಕ್ಲಿನಿಕ್ ಇದೆ, ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಥ್ಯೋಲೊದಿಂದ ಅದು 300 ಕಿ.ಮೀ.ಗೂ ಜಾಸ್ತಿ.

ಪರೀಕ್ಷೆ ಆಯಿತು. ಈಗ ಕಿವಿಯ ಅಚ್ಚು ತೆಗೆಯಬೇಕು. ಆ ಅಚ್ಚಿನಿಂದ ಮೋಲ್ಡ್ ಮಾಡಬೇಕು. ಮೋಲ್ಡ್ ಬಂದ ಮೇಲೆ ಮಗು ಮತ್ತೆ ಬರಬೇಕು. ಆಗ ಮಿಷನ್ ಹಾಕಿ, ಆ ಮಗುವಿನ ಆಡಿಯೊಗ್ರಾಂಗೆ, ಅಂದರೆ ಶ್ರವಣ ಪರೀಕ್ಷೆಯ ನಕ್ಷೆಗೆ, ತಕ್ಕಂತೆ ಧ್ವನಿ ಹೊಂದಿಸಬೇಕು. ಜೋರು ಕಡಿಮೆಯಾದರೆ ಉಪಯೋಗವಿಲ್ಲ. ಜಾಸ್ತಿಯಾದರೆ ಮಗು ಕಿತ್ತು ಎಸೆಯುತ್ತದೆ, ಉಳಿದ ಶ್ರವಣಕ್ಕೂ ಅಪಾಯ. ಕೆಲವು ವಾರ ಬಿಟ್ಟು ಮತ್ತೆ ನೋಡಿ ತಿದ್ದಬೇಕು.

ಮಕ್ಕಳ ವಿಷಯದಲ್ಲಿ ಇನ್ನೊಂದಿದೆ. ಕಿವಿ ಬೆಳೆಯುತ್ತದೆ. ಚಿಕ್ಕ ಮಗುವಿಗೆ ಕೆಲವೇ ತಿಂಗಳಲ್ಲಿ ಮೋಲ್ಡ್ ಸಡಿಲವಾಗುತ್ತದೆ. ಸಡಿಲವಾದ ಕಡೆಯಿಂದ ಧ್ವನಿ ಸೋರಿ ಮತ್ತೆ ಮೈಕ್‌ಗೆ ಸೇರಿ ಕುಂಯ್ ಎಂದು ಸಿಳ್ಳೆ ಹಾಕುತ್ತದೆ. ತರಗತಿಯಲ್ಲಿ ಉಳಿದವರು ನಗುತ್ತಾರೆ. ಮಗು ಮಿಷನ್ ಆಫ್ ಮಾಡಿ ಜೇಬಿಗೆ ಹಾಕಿಕೊಳ್ಳುತ್ತದೆ. ಮಿಷನ್ ಕೆಟ್ಟಿಲ್ಲ, ಹಳೆಯ ಮೋಲ್ಡ್ ಒಂದರಿಂದಲೇ ಅದು ಮೂಲೆ ಸೇರಿತು. ಹೊಸ ಮೋಲ್ಡ್ ಮಾಡಿಸಲು ಮತ್ತದೇ ದಾರಿ: ನಡಿಗೆ, ಸೈಕಲ್, ಮಿನಿಬಸ್, ಕ್ಯೂ.

ಮತ್ತೆ ಸೆಲ್. ಮಿಷನ್‌ಗಳಲ್ಲಿ ಹೆಚ್ಚಾಗಿ ಬಳಸುವ ಜಿಂಕ್-ಏರ್ ಸೆಲ್ ಒಂದೆರಡು ವಾರ ಬರುತ್ತದೆ. ಮೇಲಿನ ಸ್ಟಿಕ್ಕರ್ ಕಿತ್ತ ಕ್ಷಣದಿಂದ ಅದು ಖಾಲಿಯಾಗಲು ಶುರು, ಮಿಷನ್ ಹಾಕಿಕೊಂಡರೂ ಇಲ್ಲದಿದ್ದರೂ. ಹಳ್ಳಿಯ ಅಂಗಡಿಯಲ್ಲಿ ಟಾರ್ಚಿನ ಸೆಲ್ ಸಿಗುತ್ತದೆ, ಇದು ಸಿಗುವುದಿಲ್ಲ. ಆಫ್ರಿಕಾದಲ್ಲೇ ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ಬೋಟ್ಸ್ವಾನಾದ ಒತ್ಸೆ ಎಂಬ ಊರಲ್ಲಿ ಹುಟ್ಟಿಕೊಂಡ ಗೊಡಿಸಾ ಎಂಬ ಸಂಸ್ಥೆ ಬಿಸಿಲಿನಿಂದ ಚಾರ್ಜ್ ಆಗುವ ಸೆಲ್ ಮತ್ತು ಚಾರ್ಜರ್ ಮಾಡಿತು. ಮುಂದೆ ಅದು ಸೋಲಾರ್ ಇಯರ್ ಎಂಬ ಹೆಸರಿನಲ್ಲಿ ಬೇರೆ ದೇಶಗಳಿಗೂ ಹೋಯಿತು. ಅವುಗಳನ್ನು ಜೋಡಿಸಿದ ಕೆಲಸಗಾರರಲ್ಲಿ ಬಹಳ ಜನ ಕಿವುಡರೇ. ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಕೆಲಸ ಇದು. ಈಗ ರೀಚಾರ್ಜ್ ಆಗುವ ಮಿಷನ್‌ಗಳು ಎಲ್ಲ ಕಡೆ ಬಂದಿವೆ. ಆದರೆ ಕರೆಂಟೇ ಇಲ್ಲದ ಮನೆಗೆ ಅಂಥ ಮಿಷನ್ ಕೊಟ್ಟು ಕಳಿಸಿದರೆ ಸೆಲ್‌ನ ಸಮಸ್ಯೆಯೇ ಬೇರೆ ರೂಪದಲ್ಲಿ ಬಂದಂತೆ. ಮಿಷನ್ ಆರಿಸುವ ಮೊದಲು ಆ ಮನೆಯಲ್ಲಿ ದೀಪ ಹೇಗೆ ಉರಿಯುತ್ತದೆ ಎಂದು ಕೇಳಬೇಕು.

ದೂರದ ದೇಶಗಳಿಂದ ದಾನಿಗಳು ಬಂದು ಒಂದೇ ದಿನದಲ್ಲಿ ನೂರಾರು ಮಿಷನ್ ಹಂಚಿ ಹೋಗುವ ಪದ್ಧತಿಯನ್ನು ನಾನು ಒಪ್ಪದಿರುವುದು ಇದಕ್ಕೇ. ಮಗು ಮೊದಲ ಸಲ ಧ್ವನಿ ಕೇಳಿ ಕಣ್ಣರಳಿಸುವ ಫೋಟೊ ಸಿಗುತ್ತದೆ. ಆ ಖುಷಿ ಸುಳ್ಳಲ್ಲ. ಆದರೆ ಆರು ತಿಂಗಳ ಮೇಲೆ ಸಿಳ್ಳೆ ಹಾಕುವ ಮೋಲ್ಡ್ ಹಿಡಿದುಕೊಂಡು ಆ ಮಗು ಯಾರ ಹತ್ತಿರ ಹೋಗಬೇಕು? ಮಿಷನ್‌ನ ಜೊತೆಗೇ ಅಳತೆ, ತರಬೇತಿ, ರಿಪೇರಿ, ಮರುಭೇಟಿ ಎಲ್ಲ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2004ರ ಮಾರ್ಗಸೂಚಿಯಲ್ಲೇ ಹೇಳಿತ್ತು.

ಥ್ಯೋಲೊದಲ್ಲಿ ಮುಂದೆ ನಡೆದದ್ದು

ಮಲಾವಿಯ ಪ್ರಕರಣ ನನಗೆ ಇಷ್ಟವಾಗುವುದು ಸಂಶೋಧಕರು ಸಂಖ್ಯೆ ಬರೆದಿಟ್ಟು ಸುಮ್ನೆ ಕೂರಲಿಲ್ಲ ಎಂಬ ಕಾರಣಕ್ಕೆ. ಆ ದೇಶದಲ್ಲಿ ಹೆಲ್ತ್ ಸರ್ವೇಲೆನ್ಸ್ ಅಸಿಸ್ಟೆಂಟ್ ಎಂಬ ಆರೋಗ್ಯ ಕಾರ್ಯಕರ್ತರಿದ್ದಾರೆ. ಸರ್ಕಾರದಿಂದ ಸಂಬಳ ಪಡೆಯುವವರು, ಹಳ್ಳಿಯಲ್ಲೇ ಕೆಲಸ ಮಾಡುವವರು. ಇವರಿಗೆ ಕಿವಿಯ ಆರೈಕೆಯ ತರಬೇತಿ ಕೊಟ್ಟರೆ ಏನಾಗುತ್ತದೆ ಎಂದು ಥ್ಯೋಲೊದಲ್ಲೇ ಪ್ರಯೋಗ ಮಾಡಿದ್ದರು. ತರಬೇತಿಯಾದವರಿದ್ದ ಕಡೆ ಕಿವಿ ತೊಂದರೆಯ ಜನ ಹೆಚ್ಚಾಗಿ ಪತ್ತೆಯಾದರು. ಹುಡುಕುವುದು ಸಾಧ್ಯ ಎಂದಾಯಿತು. ಹುಡುಕಿದವರನ್ನು ತಲುಪಿಸುವುದು ಬಾಕಿ ಇತ್ತು.

ಅದಕ್ಕಾಗಿ ಮೂರು ಸಂಗತಿಗಳನ್ನು ಸೇರಿಸಿ ಶಿಬಿರದಲ್ಲೇ ಪ್ರಯತ್ನಿಸಿದರು. ಈ ಕುರಿತ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲನೆಯದು ಒಂದು ಮಾಹಿತಿ ಪುಸ್ತಿಕೆ. ಎರಡನೆಯದು ಆರೋಗ್ಯ ಕಾರ್ಯಕರ್ತರ ಜೊತೆ ಒಬ್ಬ ಅನುಭವಿ ತಾಯಿಯೂ ಕೂತು ಮಾತಾಡುವುದು. ಮೂರನೆಯದು ಮೊಬೈಲ್‌ಗೆ ನೆನಪಿನ ಸಂದೇಶ.

ಪುಸ್ತಿಕೆಯೂ ಸಂದೇಶವೂ ಬೇಕು, ಸರಿ. ಆದರೆ ಅನುಭವಿ ತಾಯಿಯದ್ದೇ ನನಗೆ ದೊಡ್ಡ ಯೋಚನೆ ಅನಿಸುತ್ತದೆ. ತನ್ನ ಮಗುವನ್ನು ಅದೇ ದಾರಿಯಲ್ಲಿ ಕರೆದುಕೊಂಡು ಹೋಗಿ ಬಂದವಳು ಆಕೆ. ಮಿನಿಬಸ್ ಎಲ್ಲಿ ಇಳಿಯಬೇಕು, ಗೇಟಿನಲ್ಲಿ ಏನು ಕೇಳುತ್ತಾರೆ, ಕಿವಿಗೆ ಸೂಜಿ ಚುಚ್ಚುತ್ತಾರಾ ಇಲ್ಲವಾ, ಮಗು ಅತ್ತರೆ ಏನು ಮಾಡುತ್ತಾರೆ. ಇದನ್ನೆಲ್ಲ ಡಾಕ್ಟರ್ ಹೇಳಿದರೆ ಪೋಷಕರು ತಲೆಯಾಡಿಸುತ್ತಾರೆ. ಇನ್ನೊಬ್ಬ ತಾಯಿ ಹೇಳಿದರೆ ತಿರುಗಿ ಪ್ರಶ್ನೆ ಕೇಳುತ್ತಾರೆ. ಭಯ ಹೋಗುವುದು ಪ್ರಶ್ನೆ ಕೇಳಿದಾಗ ಅಲ್ವಾ?

ಹೀಗಿದ್ದೂ ಈ ಮೂರರಲ್ಲಿ ಒಂದೂ ಬಸ್ ಚಾರ್ಜ್ ಕೊಡುವುದಿಲ್ಲ. ತಿಳಿವಳಿಕೆಯಿಂದ ಭಯ ಇಳಿಯುತ್ತದೆ, ಗೊಂದಲ ಇಳಿಯುತ್ತದೆ. ದೂರ ಇಳಿಯುವುದಿಲ್ಲ. ಕೆಲವು ಮನೆಗಳಿಗೆ ಪ್ರಯಾಣದ ಕ್ವಾಚಾ (ಮಲಾವಿಯ ಹಣ) ಕೈಗೆ ಕೊಡಲೇಬೇಕು. ಇಲ್ಲವೇ ಮಗು ಬರುವ ಬದಲು ಪರೀಕ್ಷೆಯೇ ಹಳ್ಳಿಗೆ ಹೋಗಬೇಕು. ನನ್ನ ಒಲವು ಎರಡನೆಯದರ ಕಡೆಗೆ. ಮೊಬೈಲ್ ಫೋನಿಗೆ ಹೆಡ್‌ಫೋನ್ ಜೋಡಿಸಿ ಶ್ರವಣ ಪರೀಕ್ಷೆ ಮಾಡುವ ತಂತ್ರ ಈಗ ಇದೆ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯದಲ್ಲಿ ಡಿ ವೆಟ್ ಸ್ವಾನೆಪುಲ್ ಮತ್ತು ಅವರ ತಂಡ ಇದನ್ನು ಬೆಳೆಸಿತು. ಸುತ್ತಲಿನ ಗದ್ದಲ ಎಷ್ಟಿದೆ ಎಂದೂ ಫೋನೇ ಅಳೆದುಕೊಳ್ಳುತ್ತದೆ. ಹೆಚ್ಚು ಓದಿರದ ಕಾರ್ಯಕರ್ತರೂ ಕಲಿತು ಮಾಡಬಹುದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾರ್ಗದರ್ಶಿಯೂ ಇದೇ ದಿಕ್ಕಿನದು: ತಜ್ಞರು ಇಲ್ಲದ ಕಡೆ, ತರಬೇತಿ ಪಡೆದ ಬೇರೆ ಸಿಬ್ಬಂದಿ ಮಿಷನ್ ಸೇವೆಯ ಹಲವು ಕೆಲಸ ಮಾಡಬಹುದು. ತೀರಾ ಚಿಕ್ಕ ಮಕ್ಕಳ ಪರೀಕ್ಷೆಗೆ, ಕ್ಲಿಷ್ಟ ಪ್ರಕರಣಗಳಿಗೆ ಆಡಿಯಾಲಜಿಸ್ಟ್ ಬೇಕೇ ಬೇಕು. ಆದರೆ ಅಚ್ಚು ತೆಗೆಯುವುದು, ಮೋಲ್ಡ್ ಬದಲಿಸುವುದು, ಟ್ಯೂಬ್ ಸ್ವಚ್ಛ ಮಾಡುವುದು, ಸೆಲ್ ಕೊಡುವುದು ಜಿಲ್ಲೆಯಲ್ಲೇ ಆಗಬಹುದು. ಹಾಗಾದರೆ ಒಂದು ಮಗು ಬ್ಲಾಂಟೈರ್‌ಗೆ ಹೋಗಬೇಕಾದ ಸಲಗಳು ಬಹಳ ಇಳಿಯುತ್ತವೆ.

ಶಾಲೆಯ ಕೋಣೆಯಲ್ಲಿ

ಮಿಷನ್ ಕಿವಿಗೆ ಬಂದ ಮೇಲೂ ಮಗು ದಿನದ ಬಹುಭಾಗ ಕಳೆಯುವುದು ತರಗತಿಯಲ್ಲಿ. ಮಲಾವಿಯಲ್ಲಿ 1994ರಿಂದ ಪ್ರಾಥಮಿಕ ಶಿಕ್ಷಣ ಉಚಿತ. ಕೆಳಗಿನ ತರಗತಿಗಳಲ್ಲಿ ಒಂದು ಕೋಣೆಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿರುವುದು ಅಪರೂಪವಲ್ಲ. ಮಿಷನ್ ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರ್ ದೂರದಲ್ಲಿ. ಅದಕ್ಕಿಂತ ಆಚೆ ಅದು ಶಿಕ್ಷಕಿಯ ಮಾತನ್ನೂ ಪಕ್ಕದ ಹುಡುಗರ ಗಲಾಟೆಯನ್ನೂ ಒಟ್ಟಿಗೇ ಜೋರು ಮಾಡುತ್ತದೆ. ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ನೋಡಿ ಮಾತಾಡಿ ಎಂದು ಶಿಕ್ಷಕರಿಗೆ ಹೇಳಿಕೊಡಲು ಒಂದು ಮಧ್ಯಾಹ್ನ ಸಾಕು. ಅದನ್ನೂ ಮಾಡದೆ ಸಾಧನ ಮಾತ್ರ ಕೊಟ್ಟರೆ ಅರ್ಧ ಪ್ರಯೋಜನ ಅಲ್ಲೇ ಸೋರಿಹೋಗುತ್ತದೆ.

ವಯಸ್ಸಿನ ಮಾತೂ ಇದೆ. ಭಾಷೆ ಬೇರೂರುವುದು ಮೊದಲ ಮೂರು ವರ್ಷಗಳಲ್ಲಿ. ಹುಟ್ಟಿನಿಂದ ತೀವ್ರ ಶ್ರವಣ ದೋಷವಿದ್ದ ಹುಡುಗಿ ಹನ್ನೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಮಿಷನ್ ಹಾಕಿಕೊಂಡರೆ ಅವಳಿಗೆ ಸದ್ದು ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ. ಹಿಂದಿನಿಂದ ಬರುವ ಲಾರಿ ಗೊತ್ತಾಗುವುದೂ ಲಾಭವೇ. ಆದರೆ ಅವಳಿಗೆ ಮೊದಲು ಬೇಕಾದದ್ದು ಒಂದು ಪೂರ್ಣ ಭಾಷೆ, ಅಂದರೆ ಸನ್ನೆ ಭಾಷೆ. ಜೊತೆಗೆ ಆ ಭಾಷೆ ಬಲ್ಲ ಗೆಳತಿಯರು. ಥ್ಯೋಲೊ ಜಿಲ್ಲೆಯಲ್ಲೇ, ಬ್ವುಂಬ್ವೆ ಎಂಬಲ್ಲಿ, ಮೌಂಟನ್ ವ್ಯೂ ಎಂಬ ಕಿವುಡ ಮಕ್ಕಳ ಶಾಲೆಯಿದೆ. ಮಿಷನ್ ಕೊಡುವವರು ಇಂಥ ಶಾಲೆಗಳನ್ನು ಸ್ಪರ್ಧಿಗಳಂತೆ ನೋಡಬಾರದು. ಯಾವ ಮಗುವಿಗೆ ಮಿಷನ್, ಯಾವ ಮಗುವಿಗೆ ಸನ್ನೆ, ಯಾರಿಗೆ ಎರಡೂ ಎಂದು ಪೋಷಕರ ಜೊತೆ ಪ್ರಾಮಾಣಿಕವಾಗಿ ಮಾತಾಡಬೇಕು. ಮಗು ಮಾತಾಡಿಬಿಡುತ್ತದೆ ಎಂದು ಆಸೆ ಹುಟ್ಟಿಸಿ ಕಳಿಸುವುದು ಕ್ರೂರ.

ಹರೆಯದವರದ್ದು ಇನ್ನೊಂದು ಕಥೆ. ಆಗ ತನಕ ಹಾಕಿಕೊಂಡಿದ್ದ ಮಿಷನ್ ಆಗ ಬೇಡವಾಗುತ್ತದೆ, ಕಿವಿಯ ಹಿಂದೆ ಕಾಣುತ್ತದೆ ಎಂದು. ಇದು ಯಾವ ದೇಶದಲ್ಲೂ ಇದ್ದದ್ದೇ. ಮಿಷನ್ ಹಾಕಿಕೊಂಡೇ ಓದು ಮುಗಿಸಿ ಕೆಲಸಕ್ಕೆ ಹೋಗುತ್ತಿರುವ ಅಣ್ಣ ಅಕ್ಕಂದಿರು ಆಗ ಎದುರಿಗೆ ಬೇಕು. ಅನುಭವಿ ತಾಯಿಯ ಯೋಚನೆಯನ್ನು ಇವರಿಗೂ ಹಿಗ್ಗಿಸಬಹುದು.

ಹಾಗಾದರೆ ಇಂಥ ಜಿಲ್ಲೆಗೆ ಯಾರಾದರೂ ದುಡ್ಡು ಕೊಡುತ್ತೇನೆ ಎಂದರೆ ಯಾವುದಕ್ಕೆ ಕೇಳಬೇಕು? ಮಿಷನ್‌ಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಪರವಾಗಿಲ್ಲ ಎಂದು ನಾನು ಹೇಳುತ್ತೇನೆ. ಮೊದಲು ಪ್ರಯಾಣದ ಹಣ. ಅನುಭವಿ ತಾಯಂದಿರಿಗೆ ಗೌರವಧನ, ಯಾಕೆಂದರೆ ಅವರ ದಿನವೂ ಪುಕ್ಕಟೆಯಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮೋಲ್ಡ್ ಮಾಡಬಲ್ಲ ಒಬ್ಬ ತಂತ್ರಜ್ಞರ ಸಂಬಳ, ಒಂದು ವರ್ಷಕ್ಕಲ್ಲ, ಹತ್ತು ವರ್ಷಕ್ಕೆ. ಪ್ರತಿ ಮಿಷನ್ ಜೊತೆ ಮೂರು ವರ್ಷದ ಸೆಲ್ ಅಥವಾ ಸೋಲಾರ್ ಚಾರ್ಜರ್. ಆಮೇಲೆ ಮಿಷನ್. ವರದಿಯಲ್ಲೂ ಎಷ್ಟು ಹಂಚಿದೆವು ಎಂಬ ಸಾಲು ಬೇಡ. ಹಾಕಿದ ಒಂದು ವರ್ಷದ ಮೇಲೆ ಮನೆಗೆ ಹೋಗಿ, ಮಿಷನ್ ಎಷ್ಟು ಮಕ್ಕಳ ಕಿವಿಯಲ್ಲಿದೆ, ಎಷ್ಟು ಪೆಟ್ಟಿಗೆಯಲ್ಲಿದೆ ಎಂದು ಎಣಿಸಿ ಬರೆಯಬೇಕು. ಪೆಟ್ಟಿಗೆಯಲ್ಲಿದ್ದರೆ ಯಾಕೆ ಎಂದು ಕೇಳಿ, ಆ ಉತ್ತರವನ್ನೂ ಬರೆಯಬೇಕು. 150ರಲ್ಲಿ 5 ಎಂಬ ಸಂಖ್ಯೆ ಹೊರಬಂದದ್ದೂ ಯಾರೋ ಹಾಗೆ ಮನೆಯವರನ್ನೇ ಕೇಳಿದ್ದರಿಂದಲೇ.